ದರ್ಜಿ ಅತ್ತೆಯ ಬಂದೂಕು

ನಮ್ಮ ಶೂಟಿಂಗ್ ಕ್ಲಬ್ಬಿನಲ್ಲಿ ದರ್ಜಿ ಅತ್ತೆಗೆ ಬುದ್ಧಿ ಹೇಳಲು ಹೋಗಿ ಗೆದ್ದವರಿಲ್ಲ. ಜೀವಮಾನವಿಡೀ ಕೋಟು ಹೊಲಿದ ಅವರು ಬಂದೂಕನ್ನೂ ಕೋಟು ಆರಿಸುವ ಹಾಗೆಯೇ ಆರಿಸಿದವರು. ಅಂಗಡಿಯವನು ಹೊಳೆಯುವ ರೈಫಲ್ ಮುಂದಿಟ್ಟರೆ ಭುಜಕ್ಕೆ ಆನಿಸಿ ಕಣ್ಣು ಮುಚ್ಚುತ್ತಿದ್ದರು. ತೆರೆದಾಗ ಗುರಿ ಹಿಡಿಯುವ ಕಂಡಿ ನೇರ ಕಣ್ಣೆದುರು ಇಲ್ಲದಿದ್ದರೆ, "ಚೆನ್ನಾಗೇನೋ ಇದೆ, ಆದ್ರೆ ಬೇರೆಯೋರ ಅಳತೇದು" ಎಂದು ವಾಪಸ್ ಕೊಡುತ್ತಿದ್ದರು. ಕೊನೆಗೆ ಲೈಸೆನ್ಸಿಗೆ ಬರೆಸಿಕೊಂಡದ್ದು ಮೂಲೆಯಲ್ಲಿದ್ದ ಹಳೆಯದೊಂದನ್ನು. ಭುಜಕ್ಕೆ ಆನಿಸುವ ಮರವನ್ನು ತಮ್ಮ ಗಿಡ್ಡ ತೋಳಿಗೆ ತಕ್ಕಂತೆ ಕೊಯ್ಯಿಸಿದರು, ಕೆನ್ನೆ ತಾಗುವಲ್ಲಿ ತಾವೇ ಚರ್ಮ ಹೊಲಿದರು. "ಏನತ್ತೆ, ರೈಫಲ್‌ಗೂ ತೇಪೇನಾ?" ಎಂದು ನಾವು ನಕ್ಕರೆ, "ನಗ್ರಪ್ಪಾ, ಗುರಿಗೆ ತೇಪೆ ಕಾಣಲ್ಲ" ಎಂದು ನಟ್ಟನಡುವಿನ ಚುಕ್ಕೆಗೇ ಹೊಡೆಯುತ್ತಿದ್ದರು. ಹೋದ ವರ್ಷ ಅವರ ಬಲಗಣ್ಣು ಮಂಜಾಯಿತು, ಮತ್ತೆ ತಿಳಿಯಾಗಲಿಲ್ಲ. "ಸಾಕಮ್ಮ, ಇನ್ನು ಬಿಟ್ಬಿಡಿ" ಎಂದರು ಡಾಕ್ಟರು. ಮಗನೂ ಅದನ್ನೇ ಹೇಳಿದ. ಅತ್ತೆ ನೇರ ಬಂದೂಕು ರಿಪೇರಿಯವನ ಬಳಿ ಹೋಗಿ, ಎಡಗಣ್ಣಿನಿಂದ ಗುರಿ ಹಿಡಿಯಲು ಎಡಭುಜಕ್ಕೆ ಹೊಂದುವಂತೆ ಹೊಸ ಮರ ಕೆತ್ತಿಸಿ ಹಾಕಿಸಿಕೊಂಡು ಬಂದರು. ಎಡಗೈಗೆ ಅಭ್ಯಾಸವಿಲ್ಲ, ಮೊದಲ ದಿನ ಒಂದು ಗುಂಡೂ ಗುರಿಯ ಕಾಗದಕ್ಕೆ ತಾಗಲಿಲ್ಲ. ನಾವೆಲ್ಲ ನೆಲ ನೋಡುತ್ತ ನಿಂತೆವು. ಅತ್ತೆ ಬಂದೂಕನ್ನು ಖಾಲಿ ಮಾಡಿ ಪೆಟ್ಟಿಗೆಯಲ್ಲಿಟ್ಟು, "ಯಾಕ್ರೋ ಮುಖ ಇಳಿಸ್ಕೊಂಡು ನಿಂತಿದ್ದೀರಾ? ಕಾಗದ ಹೊಸದಾಗೇ ಇದೆಯಲ್ಲ, ಯಾರೂ ತೆಗೀಬೇಡಿ. ನಾಳೆ ಬಂದು ನಾನೇ ತೂತು ಮಾಡ್ತೀನಿ" ಎಂದರು.