ಚೆನ್ನಯ ಜಲಪಾತ ಕಂಡ ದಿನ

ಮಾಟುಂಗದ ಉಡುಪಿ ಹೋಟೆಲೊಂದರಲ್ಲಿ ಚೆನ್ನಯ ಇಪ್ಪತ್ತು ವರ್ಷಕ್ಕೂ ಮೇಲೆ ದೋಸೆ ಹುಯ್ದವನು. ಕಾಪುವಿನಿಂದ ಬಂದ ಹೊಸತರಲ್ಲಿ ಲೋಟ ತೊಳೆದ, ಆಮೇಲೆ ಚಟ್ನಿ ಅರೆದ, ಕೊನೆಗೆ ಕಾವಲಿಯ ಮುಂದೆ ನಿಂತ. ಅಲ್ಲಿ ನಿಂತಿದ್ದಾಗಲೇ ನೋಟದ ಅಂಚು ಮಸುಕಾಗತೊಡಗಿತು. ಹೊಗೆಯಿಂದ ಇರಬೇಕು ಅಂದುಕೊಂಡ. ಗ್ಲಾಕೋಮಾ ಎಂದು ಡಾಕ್ಟರು ಹೇಳುವಷ್ಟರಲ್ಲಿ ಕಾಲ ಮಿಂಚಿತ್ತು. ನಲವತ್ತೈದು ತುಂಬುವ ಮೊದಲೇ ಎರಡೂ ಕಣ್ಣಿನ ಬೆಳಕು ಆರಿಹೋಯಿತು.

ಹೋಟೆಲಿನ ಮಾಲೀಕರು ಕೈಬಿಡಲಿಲ್ಲ. ಫೋನಿನಲ್ಲಿ ಪಾರ್ಸೆಲ್ ಆರ್ಡರ್ ತೆಗೆದುಕೊಳ್ಳುವ ಕೆಲಸ ಕೊಟ್ಟರು. ಬೆಳಿಗ್ಗೆ ಹೆಂಡತಿ ವಾರಿಜಾ ಕುರ್ಲಾದಿಂದ ಲೋಕಲ್‌ನಲ್ಲಿ ಕರೆತಂದು ಬಿಡುತ್ತಿದ್ದಳು, ಸಂಜೆ ಕರೆದೊಯ್ಯುತ್ತಿದ್ದಳು. ಒಂದು ಕೈ ಅವಳ ಹೆಗಲ ಮೇಲೆ, ಇನ್ನೊಂದು ಕೈ ಎದುರಿನ ಗಾಳಿಯಲ್ಲಿ ಗೋಡೆಯನ್ನೋ ಕಂಬವನ್ನೋ ಹುಡುಕುತ್ತ. ವರ್ಷಗಟ್ಟಲೆ ಚೆನ್ನಯ ನಡೆದದ್ದು ಹೀಗೆ. ಹೆಜ್ಜೆ ಮಾತ್ರ ದಿನದಿಂದ ದಿನಕ್ಕೆ ಚಿಕ್ಕದಾಗುತ್ತ ಬಂತು.

ಕುರ್ಲಾದಲ್ಲಿ ಅವರಿದ್ದ ಬಿಲ್ಡಿಂಗಿನ ಮೇಲಿನ ಮಹಡಿಯಲ್ಲಿ ವಿಜಯಪುರದ ಕಡೆಯ ಮಹಾದೇವಿ ಇದ್ದಳು. ಅವಳ ಮಗಳು ಶೀತಲ ಶಾಲೆಯೊಂದರಲ್ಲಿ ಆಟದ ಟೀಚರ್. ಭಾನುವಾರ ಬಂತೆಂದರೆ ಗೆಳೆಯರ ಗುಂಪು ಕಟ್ಟಿಕೊಂಡು ಕಾಡುದಾರಿಯಲ್ಲಿ ಸೈಕಲ್ ಹೊಡೆಯುವುದು ಅವಳ ಹುಚ್ಚು. ಒಂದು ಸಂಜೆ ಅವಳು ಚೆನ್ನಯನ ಮನೆಗೆ ಬಂದು ಚಾ ಕುಡಿಯುತ್ತ ಕೇಳಿದಳು.

"ಕಾಕಾ, ನಮ್ಮ ಗ್ರೂಪಿಗೆ ಎರಡು ಸೀಟಿನ ಸೈಕಲ್ ಬಂದದ. ಟ್ಯಾಂಡೆಮ್ ಅಂತಾರ. ಮುಂದಿನವರು ಹ್ಯಾಂಡಲ್ ಹಿಡಿಯೋದು, ಹಿಂದಿನವರು ಬರೇ ಪೆಡಲ್ ತುಳಿಯೋದು. ನೀವು ಹಿಂದ ಕೂಡ್ತೀರೇನು?"

ಚೆನ್ನಯ ಉತ್ತರಿಸುವ ಮೊದಲೇ ಅಡುಗೆಮನೆಯಿಂದ ವಾರಿಜಾ ಬಂದಳು. "ನಿನಗೆ ಮಂಡೆ ಸಮ ಉಂಟಾ ಮಗಾ? ಕಣ್ಣಿದ್ದವರೇ ಬೀಳುವ ಜಾಗ ಅದು. ಇವರನ್ನು ಎಂತಕ್ಕೆ ಕರ್ಕೊಂಡು ಹೋಗುದು?"

"ನಾನು ಹೋಗ್ತೇನೆ," ಅಂದ ಚೆನ್ನಯ. ಹಾಗೆ ಅಂದದ್ದು ತಾನೇ ಎಂದು ಅವನಿಗೇ ಒಂದು ಕ್ಷಣ ನಂಬಿಕೆಯಾಗಲಿಲ್ಲ.

ಮೈದಾನದಲ್ಲಿ ಕೆಲವು ವಾರ ಅಭ್ಯಾಸ ನಡೆಯಿತು. ಮೊದಲ ಸಲ ಕೂತಾಗ ಅವನ ಕೈ ತಾನಾಗಿಯೇ ಮುಂದಕ್ಕೆ ಚಾಚಿ ಶೀತಲಳ ಬೆನ್ನಿಗೆ ತಾಗಿತು. ಹಿಡಿಯಲು ಗೋಡೆ ಬೇಕಾಗಿತ್ತು ಅದಕ್ಕೆ. ಮೆಲ್ಲಮೆಲ್ಲನೆ ಅದು ಹಿಂದಿನ ಸೀಟಿನ ಹಿಡಿಕೆಯ ಮೇಲೆ ನಿಲ್ಲುವುದನ್ನು ಕಲಿಯಿತು.

ಜುಲೈ ತಿಂಗಳಲ್ಲಿ ಮಳೆ ಎರಡು ದಿನ ಬಿಡುವು ಕೊಟ್ಟಿತು. ಗುಂಪಿನವರು ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು, ಸೈಕಲ್‌ಗಳನ್ನು ಟೆಂಪೋಗೆ ಹೇರಿ, ಠಾಣೆಯ ಹಿಂದಿನ ಗುಡ್ಡಗಳಿಗೆ ಹೊರಟರು. ಕಾಡಿನ ಗೇಟಿನಿಂದ ಹೊರಟು, ಗುಡ್ಡ ಹತ್ತಿ, ಜಲಪಾತ ನೋಡಿ, ಇನ್ನೊಂದು ಬದಿಯಿಂದ ಇಳಿದು ಅದೇ ಗೇಟಿಗೆ ಬಂದು ಸೇರುವ ಸುತ್ತುದಾರಿ ಅದು.

ಗೇಟು ದಾಟಿದ ಸ್ವಲ್ಪ ಹೊತ್ತಿಗೇ ಊರಿನ ಸದ್ದು ಹಿಂದೆ ಉಳಿಯಿತು. ಹಾರ್ನ್ ಇಲ್ಲ, ಜನರ ಗಲಾಟೆ ಇಲ್ಲ. ಟಯರಿನಡಿ ಒದ್ದೆ ಎಲೆ, ತಲೆಯ ಮೇಲೆ ತೊಟ್ಟಿಕ್ಕುವ ಮರ, ಮೂಗಿಗೆ ಮಣ್ಣಿನ ಹಸಿ ವಾಸನೆ. ಮುಂಬಯಿಗೆ ಬಂದ ಮೇಲೆ ಇಷ್ಟು ದೊಡ್ಡ ಮೌನ ಅವನ ಕಿವಿಗೆ ಬಿದ್ದಿರಲಿಲ್ಲ.

"ಬೇರು ಬಂತು, ಏಳ್ರಿ!" ಎಂದು ಶೀತಲ ಕೂಗಿದಾಗ ಅವನು ಪೆಡಲ್ ಮೇಲೆ ನಿಲ್ಲುತ್ತಿದ್ದ. "ಚಡಾವ್ ಅದ, ಜೋರ್ ಹಾಕ್ರಿ!" ಎಂದಾಗ ಏರಿನಲ್ಲಿ ತೊಡೆ ಉರಿಯುವಂತೆ ತುಳಿಯುತ್ತಿದ್ದ. ತೊರೆ ದಾಟುವಲ್ಲಿ ಮುಂದಿನ ಗಾಲಿ ಕಲ್ಲಿನ ಮೇಲೆ ಜಾರಿತು. ಇಬ್ಬರೂ ಸೈಕಲ್ ಸಮೇತ ಕೆಸರಿಗೆ ಉರುಳಿದರು.

"ಕಾಕಾ! ಪೆಟ್ಟಾತೇನು?" ಶೀತಲ ಎದ್ದು ಅವನ ತೋಳು ಹಿಡಿದಳು. "ನಂದೇ ತಪ್ಪು. ಬ್ಯಾಡ, ವಾಪಸ್ ಹೋಗೋಣು. ವಾರಿಜಾ ಕಾಕುಗೆ ನಾ ಏನು ಹೇಳ್ಲಿ?"

ಚೆನ್ನಯ ಮೊಣಕೈ ಸವರಿಕೊಂಡ. ಸ್ವಲ್ಪ ತರಚಿತ್ತು ಅಷ್ಟೇ. ಬೀಳುವುದಕ್ಕೆ ಹೆದರಿ ಹೆದರಿ ಇಷ್ಟು ವರ್ಷ ಕಳೆದಿದ್ದ. ಈಗ ಬಿದ್ದದ್ದೂ ಆಯಿತು, ಕೆಳಗೆ ಮೆತ್ತನೆಯ ಮಣ್ಣು ಇತ್ತು. ಅವನಿಗೆ ನಗು ಬಂತು.

"ಏನೂ ಆಗ್ಲಿಲ್ಲ ಮಾರಾಯ್ತಿ. ಸೈಕಲ್ ಎತ್ತು. ಮುಂದೆ ಹೋಗುವ."

ಇನ್ನೊಂದು ಏರು ಹತ್ತಿದರು. ಆಗ ದೂರದಲ್ಲಿ ಗುಡುಗುಡು ಸದ್ದು ಕೇಳಿಸಿತು. ಫಾಸ್ಟ್ ಲೋಕಲ್ ಪ್ಲಾಟ್‌ಫಾರ್ಮಿಗೆ ನುಗ್ಗುವಾಗಿನ ಸದ್ದು. ಕಾಡಿನಲ್ಲಿ ರೈಲು ಎಲ್ಲಿಂದ ಬಂತು ಎಂದು ಅವನು ಅದು ದಾಟಿಹೋಗಲು ಕಾದ. ಕೊನೆಯ ಡಬ್ಬಿ ದಾಟಲೇ ಇಲ್ಲ. ಸದ್ದು ಇನ್ನೂ ಹತ್ತಿರವಾಯಿತು, ಇನ್ನೂ ದಪ್ಪವಾಯಿತು.

"ಶೀತಲಾ, ಇಲ್ಲೆಲ್ಲೋ ರೈಲು ಉಂಟಾ?"

"ರೈಲಲ್ಲ ಕಾಕಾ. ಅದು ನೀರು!"

ಸೈಕಲ್ ನಿಲ್ಲಿಸಿ ಅವಳು ಅವನ ಕೈ ಹಿಡಿದು ಬಂಡೆಯೊಂದರ ಮೇಲೆ ನಿಲ್ಲಿಸಿದಳು. ಮುಖಕ್ಕೆ ತಣ್ಣನೆಯ ಗಾಳಿ ರಪ್ಪನೆ ಬಡಿಯಿತು. ಗಾಳಿಯ ತುಂಬ ನೀರಿನ ಪುಡಿ. ಕಾಲಿನಡಿಯ ಬಂಡೆ ಸಣ್ಣಗೆ ನಡುಗುತ್ತಿತ್ತು. ಆ ನಡುಕ ಹಿಮ್ಮಡಿಯಿಂದ ಮೇಲೇರಿ ಎದೆಗೂಡಿನೊಳಗೆ ತುಂಬಿಕೊಂಡಿತು. ಎದುರಿಗೆ ಏನೋ ಅಗಾಧವಾದದ್ದು ನಿಂತಿದೆ ಎಂದು ಅವನ ಮೈಗೆಲ್ಲ ತಿಳಿಯಿತು.

"ಎಷ್ಟು ಎತ್ತರ ಉಂಟು?" ಕಿರುಚಿ ಕೇಳಬೇಕಾಯಿತು.

"ಅದು... ಮತಲಬ್... ಕನ್ನಡದಾಗ ಹೆಂಗ ಹೇಳ್ಲಿ ಕಾಕಾ?" ಶೀತಲ ಮಾತು ಹುಡುಕಿ ಸೋತಳು. ಆಮೇಲೆ ಅವನ ಬಲಗೈಯನ್ನು ಮಣಿಕಟ್ಟಿನಲ್ಲಿ ಹಿಡಿದು, ನೀರು ಬಂದು ಬೀಳುವ ಜಾಗಕ್ಕೆ ಅವನ ಬೆರಳನ್ನು ತಿರುಗಿಸಿದಳು. ಅಲ್ಲಿಂದ ನೀರಿನ ಜಾಡಿನಲ್ಲೇ ಆ ಕೈಯನ್ನು ಮೇಲಕ್ಕೆ ಎತ್ತುತ್ತ ಹೋದಳು. ಕೈ ಎದೆಯ ಮಟ್ಟಕ್ಕೆ ಬಂತು. ಮುಖದ ಮಟ್ಟ ದಾಟಿತು.

"ಇನ್ನೂ ಉಂಟಾ?"

"ಇನ್ನೂ ಮ್ಯಾಲ!"

ತೋಳು ನೆಟ್ಟಗಾಯಿತು. ಕತ್ತು ಹಿಂದಕ್ಕೆ ಬಾಗಿತು. ಅವಳು ಇನ್ನೂ ಎತ್ತುತ್ತಲೇ ಇದ್ದಳು. ಕೊನೆಗೆ ಬೆರಳು ಹೆಚ್ಚುಕಡಿಮೆ ನೆತ್ತಿಯ ಮೇಲಿನ ಆಕಾಶಕ್ಕೇ ತಿರುಗಿ ನಿಂತಾಗ ಅವಳೆಂದಳು, "ಅಲ್ಲಿಂದ ಸುರು ಆಗ್ತದ ನೋಡ್ರಿ."

ಚೆನ್ನಯನ ಬಾಯಿ ತೆರೆದೇ ಇತ್ತು. ನಾಲಿಗೆಯ ಮೇಲೆ ನೀರು ಬಿತ್ತು. ಅಷ್ಟು ಎತ್ತರದಿಂದ, ಯಾರು ನೋಡಲಿ ಬಿಡಲಿ, ಇದು ಹೀಗೆಯೇ ಸುರಿಯುತ್ತಿದೆ. ಇಷ್ಟು ದೊಡ್ಡದು ಮುಂಬಯಿಯ ಪಕ್ಕದಲ್ಲೇ ಇತ್ತು! ಶೀತಲ ಕೈ ಬಿಟ್ಟ ಮೇಲೂ ಅವನು ತೋಳು ಇಳಿಸಲಿಲ್ಲ. ಕೆನ್ನೆಯ ಮೇಲೆ ಇಳಿಯುತ್ತಿದ್ದ ನೀರಿನಲ್ಲಿ ಸ್ವಲ್ಪ ಬೆಚ್ಚಗಿನದೂ ಸೇರಿತ್ತು.

ಹಿಂದಿರುಗುವ ದಾರಿ ಪೂರ್ತಿ ಇಳಿಜಾರು. ಸೈಕಲ್ ಹಾರಿದಂತೆ ಓಡಿತು. ಎಲೆಗಳು ತೋಳಿಗೆ ಬಡಿದವು, ಗಾಳಿ ಅಂಗಿಯೊಳಗೆ ನುಗ್ಗಿತು. "ಬ್ರೇಕ್ ಹಾಕ್ಲೇನು ಕಾಕಾ?" ಎಂದು ಶೀತಲ ಕೇಳಿದರೆ ಚೆನ್ನಯ "ಬೇಡ! ಬೇಡ!" ಎಂದು ಕೂಗಿದ.

ಕೆಸರಾದ ಬಟ್ಟೆ ನೋಡಿ ವಾರಿಜಾ ಬೈದಳು. ಆದರೆ ಅಂದು ಊಟಕ್ಕೆ ಕೂತವನು ಅನ್ನ ಕಲಸುವುದನ್ನೂ ಮರೆತು ಮಾತಾಡುತ್ತಿದ್ದುದನ್ನು ಕೇಳಿ ಮೆತ್ತಗಾದಳು. ಆಮೇಲಿನ ಭಾನುವಾರಗಳಲ್ಲಿ ಅವನನ್ನು ತಡೆಯಲಿಲ್ಲ.

ಸೆಪ್ಟೆಂಬರಿನಲ್ಲಿ ಅವಳೂ ಮಹಾದೇವಿಯ ಜೊತೆ ಕಾಲುದಾರಿ ಹಿಡಿದು ಜಲಪಾತಕ್ಕೆ ಬಂದಳು. ಅಷ್ಟರಲ್ಲಿ ಚೆನ್ನಯ ಸೈಕಲ್‌ನಲ್ಲಿ ಬಂದು ಬಂಡೆಯ ಮೇಲೆ ಕೂತಿದ್ದ. ವಾರಿಜಾ ಬಂದು ಪಕ್ಕದಲ್ಲಿ ನಿಂತದ್ದು ಅವನಿಗೆ ಗೊತ್ತಾಯಿತು. ಹೇಗುಂಟು ಅನ್ನುತ್ತಾಳೆ ಎಂದು ಕಾದ. ಅವಳು ಮಾತೇ ಆಡಲಿಲ್ಲ. ಹೆದರಿದಳೋ ಏನೋ ಎಂದು ಕೈ ನೀಡಿದ.

"ವಾರಿಜಾ? ಎಂತ ಆಯ್ತು?"

ಅವಳು ಅವನ ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡಳು.

"ಸ್ವಲ್ಪ ಸುಮ್ಮನೆ ಇರಿ ಮಾರಾಯ್ರೆ," ಅಂದಳು. "ನೋಡ್ತಾ ಇದ್ದೇನೆ."