ನೌಕೆ ನಡೆಸುವ ಮುದುಕಿ

ಮಗರಪಟ್ಟಾದ ಆಫೀಸಿನಿಂದ ಬರುವಾಗ ಬಸ್ಸಿನಲ್ಲಿ ಓದಿದ್ದನ್ನು, ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ಅಕ್ಕನಿಗೆ ಕನ್ನಡದಲ್ಲಿ ಹೇಳುವುದು ನನ್ನ ಸಂಜೆಯ ಕೆಲಸವಾಗಿತ್ತು. ಅದು ಇಂಗ್ಲಿಷಿನ ಬಾಹ್ಯಾಕಾಶ ಸಾಹಸದ ಕಾದಂಬರಿ ಸರಣಿ. ಕಥೆ ಬಿಗಿಯಾದಾಗ ಇಬ್ಬರೂ ಊಟ ಮರೆತು ಕೂತದ್ದುಂಟು. ನೌಕೆ ನಡೆಸುವ ಬಾಯಿಬಡಕಿ ಮುದುಕಿಯೆಂದರೆ ಅಕ್ಕನಿಗೆ ಪ್ರಾಣ. ಹೊಸದಾಗಿ ಬಂದ ಭಾಗದಲ್ಲಿ ಲೇಖಕ ಆ ಮುದುಕಿಯನ್ನೇ ಕೊಂದುಹಾಕಿದ್ದ, ಒಂದೇ ಸಾಲಿನಲ್ಲಿ, ನೊಣ ಹೊಡೆದ ಹಾಗೆ. ನನಗೆ ಮೈಯೆಲ್ಲ ಉರಿಯಿತು. ಅಕ್ಕನಿಗೆ ಮಾತ್ರ ಅವಳನ್ನು ಬದುಕಿಸಿಕೊಂಡೇ ಕಥೆ ಮುಂದುವರಿಸಿದೆ.

ಒಂದು ಸಂಜೆ ಅಕ್ಕ ನಡುವೆಯೇ ತಡೆದಳು. "ಆ ಮುದುಕಿ ಸತ್ತು ಭಾಳ ದಿನ ಆತಲ್ಲ?"

"ಇಲ್ಲಲ್ಲ, ನೌಕೆಯೊಳಗ ಅದಾಳ," ಎಂದೆ.

"ಅದಾಳ ಅಂತ ನೀ ಹೇಳ್ತಿ. ಆದ್ರ ಒಂದು ಮಾತೂ ಆಡವಲ್ಲಳು, ಯಾರಿಗೂ ಬೈಯವಲ್ಲಳು."

ನಾನು ಪುಸ್ತಕ ಮುಚ್ಚಿದೆ. ಅಕ್ಕ ಕಷ್ಟಪಟ್ಟು ನನ್ನತ್ತ ಹೊರಳಿದಳು.

"ಮುಂಜಾನೆ ಡಾಕ್ಟರು ಇಂಗ್ಲಿಷಿನಾಗ ಅಷ್ಟೊತ್ತು ಮಾತಾಡಿದ್ರು. ಆರಾಮ ಆಗ್ತದ ಅಂದ್ರು ಅಂತ ನೀನ ಹೇಳಿದಿ. ಅದನ್ನೂ ಹಿಂಗ ಹೇಳೀಯೇನು?"