ಬೀಜಕ್ಕೆ ಹೇಳಿದ ಸುಳ್ಳು

ಒಂದು ಚೀಲ ಮೆಣಸಿನಕಾಯಿ, ಒಂದು ವರ್ಷ. ಸಸ್ಯವಿಜ್ಞಾನದ ಒಂದೇ ಪಾಠಕ್ಕೆ ಬಿದ್ದ ಖರ್ಚು ಇಷ್ಟು. ಚೀಲ ನನ್ನದು, ವರ್ಷ ಅಕ್ಕನ ಮಗಳು ಸುಮಂಗಲಾಳದು. ಹೀಗಾಗಿ ಅಗ್ಗವಾಯಿತೆಂದೇ ಆಗ ತಿಳಿದಿದ್ದೆ. ಇವತ್ತು ಬೆಳಿಗ್ಗೆ ಹಾವೇರಿಯ ಮನೆಯಲ್ಲಿ, ಮೊನ್ನೆ ಕೊಂಡ ಚೀಲದ ಬಾಯಿ ಬಿಚ್ಚಿದೆ. ಬೂಸು ಹಿಡಿದ ಕಾಯಿಯ ವಾಸನೆ ಮೂಗಿಗೆ ಬಡಿಯಿತು. ಅವಳ ಮುಖ ನೆನಪಾಯಿತು.

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ನಾನು; ಅವಳು ಆಗ ರಾಣೆಬೆನ್ನೂರಿನ ಬೀಜ ಕಂಪನಿಯೊಂದರ ಪ್ರಯೋಗಾಲಯದಲ್ಲಿದ್ದಳು. ಮೆಣಸಿನ ಬೀಜದೊಳಗೆ ಬೂಸನ್ನು ತಡೆಯುವ ಪ್ರೋಟೀನೊಂದಿದೆಯಂತೆ. ಅದರ ರಚನೆಯನ್ನು ಕಾಗದದ ಮೇಲೆ ಬಿಡಿಸಿ ತೋರಿಸಿದಳು: ಮೂರು ಪಟ್ಟಿ, ಒಂದು ಸುರುಳಿ, ಎಲ್ಲವನ್ನೂ ಬಿಗಿದ ಗಂಧಕದ ನಾಲ್ಕು ಬೆಸುಗೆ.

"ಕುದಿಸಿದ್ರೂ ಲಗೂ ಬಿಚ್ಚಂಗಿಲ್ಲ ಮಾಮಾ."

"ನಮ್ಮ ಹಮಾಲರು ಚೀಲಕ್ಕ ನಾಲ್ಕು ಹೊಲಿಗಿ ಹಾಕಿದ್ರ ಬ್ಯಾಡಗಿ ದಾಟೂದ್ರಾಗ ಎರಡು ಬಿಚ್ಚಿರ್ತಾವ. ಇದನ್ನ ಹೊಲಿದಾಂವ ಯಾರವಾ?"

ಅವಳಿಗೆ ಹಳೆಯ ತಳಿಯ ಒಂದು ಚೀಲ ಬೇಕಿತ್ತು. ಅಗಡಿ ಎಂಬ ಹಳ್ಳಿಯ ಒಂದೇ ಹೊಲದಲ್ಲಿ ಉಳಿದಿದ್ದ ತಳಿ ಅದು. "ಒಣಾ ಇರಬೇಕು ನೋಡು, ಖರೇ ಒಣಾ" ಎಂದು ಮೂರು ಸಲ ಹೇಳಿದಳು. ಚೀಲ ತರಿಸಿಟ್ಟೆ; ಮನೆಯ ಹುಡುಗಿಯೆಂದು ಪೇಟೆಯ ದರವಷ್ಟೇ ಹಚ್ಚಿದೆ.

ಕಾಯಿ ಮುರಿಯದಿರಲೆಂದು ನೀರು ಚಿಮುಕಿಸುವುದು ನಮ್ಮಲ್ಲಿ ವಾಡಿಕೆ. ಮುರಿಯದಿರಲೆಂಬುದು ಬಾಯಿಮಾತು, ನಿಜ ತಕ್ಕಡಿಗೆ ಗೊತ್ತು. ಸೈಕಲ್ಲಿನ ಮೇಲೆ ಕಾಯಿ ಮಾರಿ ಮೇಲೆ ಬಂದವನು ನಾನು. ತೂಕವೆಂದರೆ ಕೈ ತಾನೇ ತಂಬಿಗೆ ಹಿಡಿಯುತ್ತದೆ. ಅಲ್ಲದೆ, ಕುದಿಸಿದರೂ ಬಿಚ್ಚದ ಕಾವಲುಗಾರ ಒಳಗಿರುವಾಗ ನೀರಿಗೆ ಹೆದರುವುದೇ? ಇದು ನನ್ನ ವಿಜ್ಞಾನ.

ಮೂರು ವಾರ ಬಿಟ್ಟು ಬಂದು ಚೀಲ ಬಿಚ್ಚಿದಳು. ಕಾಯಿಯೊಂದನ್ನು ಸೀಳಿದಳು. ಬೀಜವೆಲ್ಲ ಕಪ್ಪು. ನನ್ನನ್ನು ಏಕವಚನದಲ್ಲೇ ಕರೆಯುತ್ತಿದ್ದವಳು ಅಂದು ಮರ್ಯಾದೆ ಕೊಟ್ಟಳು.

"ನೀರು ಹೊಡದೀರೇನ್ರಿ?"

"ತಂಬಿಗಿ ತುಂಬನೂ ಇರಲಿಲ್ಲವ್ವಾ. ಒಳಗ ಕಾವಲು ಐತಿ ಅಂತ ನೀನ ಹೇಳಿದ್ದಿಲ್ಲೇನು?"

"ನೀರು ತಾಗಿದ್ರ ಬೀಜ ಮೊಳಿಯೂ ಹೊತ್ತು ಬಂತು ಅಂತ ತಿಳೀತೈತ್ರಿ. ಮಣ್ಣಾಗ ತನ್ನ ಸುತ್ತ ಕಾಯಾಕ ಆ ಪ್ರೋಟೀನ ಹೊರಗ ಬಿಡ್ತೈತಿ. ಇಲ್ಲಿ ಮಣ್ಣೆಲ್ಲೈತ್ರಿ? ಚೀಲದ ಬೂಸಿಗೆ ಅದು ಎಲ್ಲಿ ಸಾಕಾದೀತು? ಬೀಜಕ್ಕೂ ಸುಳ್ಳು ಹೇಳೀರಲ್ರಿ."

ರೊಕ್ಕ ತಿರುಗಿ ಕೊಡಹೋದೆ.

"ರೊಕ್ಕ ಇಟ್ಕೋರಿ. ಮುಂದಿನ ಸುಗ್ಗಿ ಈಗ ಕೊಡ್ರಿ."

ಯಾವ ದರಕ್ಕೂ ಕುದುರದ ಮಾಲು ನಾನು ಕಂಡದ್ದು ಅದೊಂದೇ. ಹೊಸ ಕಾಯಿ ಬರುವವರೆಗೆ ಅವಳ ಕೆಲಸ ನಿಂತಿತು. ಬೇರೆಯವರ ಟೊಮ್ಯಾಟೊ ಬೀಜ ಎಣಿಸುತ್ತ ಕೂತಳು.

ಇವತ್ತಿನ ಚೀಲ ಮಾರಿದವನಿಗೆ ಬೈಯಲು ಫೋನು ಹಿಡಿದೆ. ಕೆಳಗಿಟ್ಟೆ. ಬೈಯುವ ಹಕ್ಕು ನನ್ನ ಹತ್ತಿರ ಎಲ್ಲಿದೆ?

ನಿಮಗಾದರೂ ಹೇಳುತ್ತೇನೆ: ಬ್ಯಾಡಗಿಗೆ ಬಂದರೆ ಬಣ್ಣಕ್ಕೆ ಮರುಳಾಗಬೇಡಿ. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಬೀಜ ಗಲಗಲ ಅನ್ನಬೇಕು. ಚೀಲದ ನಡುವೆ ಕೈ ಹಾಕಿ. ತಂಪು ತಗುಲಿದರೆ ಮುಂದಿನ ಅಂಗಡಿಗೆ ನಡೆಯಿರಿ. ಮಾರುವವನು "ನಾ ನಿಮ್ಮ ಮನಿ ಮನಷ್ಯಾನ ಅದೀನ್ರಿ" ಎಂದರೆ, ಕೈಯನ್ನು ಮೊಣಕೈವರೆಗೆ ಹಾಕಿ.